ಬಣ್ಣ ಬಂದ ದಿನ

ತೇಜಸ್ವಿನಿ ಏಣಿಯ ಮೇಲೆ ನಿಂತು ಪ್ಲಾಸ್ಟಿಕ್ ಸೂರಿನಲ್ಲಿ ತೂತು ಹುಡುಕುತ್ತಿದ್ದಳು. ತೂತಿಲ್ಲವೆಂದು ಚೆನ್ನಾಗಿ ಗೊತ್ತಿದ್ದ ಅಫ್ಜಲುನ್ನೀಸಾ ಕೆಳಗೆ ಏಣಿ ಹಿಡಿದುಕೊಂಡು, "ಆ ಮೂಲೇಲಿ ನೋಡು ಬೇಟಿ" ಎಂದು ದಾರಿ ತೋರಿಸುತ್ತಿದ್ದಳು.

"ಇಲ್ಲೂ ಇಲ್ಲ. ಮತ್ತೆ ಮಣ್ಣು ಯಾಕಮ್ಮ ಹಸಿ? ಈ ಸಾಲಿಗೆ ನೀರು ನಿಲ್ಲಿಸಿ ಎಷ್ಟು ದಿವಸ ಆಯ್ತು. ಇಷ್ಟೊತ್ತಿಗೆ ಎಲೆ ಕೆಂಪಾಗಬೇಕಿತ್ತು."

"ಇಬ್ಬನಿ ಬಿದ್ದಿರ್ಬೌದು."

"ಏಪ್ರಿಲ್ ತಿಂಗಳಲ್ಲಿ ಎಲ್ಲಿಯ ಇಬ್ಬನಿ?"

ತೇಜಸ್ವಿನಿ ನಕ್ಕಳು. ಅಫ್ಜಲುನ್ನೀಸಾ ಕೂಡ ನಕ್ಕಳು. ಆದರೆ ಏಣಿ ಹಿಡಿದ ಕೈ ಬೆವೆತು ಜಾರುತ್ತಿತ್ತು, ಒರೆಸಿಕೊಳ್ಳೋಣವೆಂದರೆ ಹುಡುಗಿ ಬಿದ್ದಾಳೆಂಬ ಭಯ. ಕೊನೆಗೆ ತೇಜಸ್ವಿನಿ ಇಲ್ಲದ ತೂತಿನ ಮೇಲೆ ನಾಲ್ಕು ಕಡೆ ಅಂಟುಪಟ್ಟಿ ಹಚ್ಚಿ ಕೆಳಗಿಳಿದಳು. ಮಣ್ಣಿನ ತೇವ ಅಳೆಯುವ ಸೂಜಿಯೇ ಕೆಟ್ಟಿರಬೇಕು, ರಿಪೇರಿಗೆ ಕಳಿಸುತ್ತೇನೆ ಎಂದಳು.

ಅದು ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿಗಿದ್ದ ಚಿಕ್ಕರಂಗಯ್ಯನ ಹೊಲ. ತೇಜಸ್ವಿನಿ ಓದುತ್ತಿದ್ದ ವಿಶ್ವವಿದ್ಯಾಲಯದವರು ಅದರ ಒಂದು ತುಂಡಿನಲ್ಲಿ ಮೇಲೆ ಪ್ಲಾಸ್ಟಿಕ್ ಸೂರು, ಸುತ್ತ ತಂತಿ ಬಲೆ ಹಾಕಿ, ಒಳಗೆ ಸಾಲುಸಾಲು ಕುಂಡಗಳಲ್ಲಿ ರಾಗಿ ಬೆಳೆಸಿದ್ದರು. ಬಲಗಡೆಯ ಕುಂಡಗಳಿಗೆ ನೀರುಂಟು, ಎಡಗಡೆಯವಕ್ಕಿಲ್ಲ. ಮಳೆಗಾಗಿ ಮುಗಿಲು ನೋಡುವ ಸೀಮೆಯಲ್ಲಿ ಮಳೆ ಬೀಳದಿರಲೆಂದು ಸೂರು ಕಟ್ಟುವವರನ್ನು ಚಿಕ್ಕರಂಗಯ್ಯ ಹುಟ್ಟಿದಮೇಲೆ ಕಂಡಿದ್ದು ಅದೇ ಮೊದಲು. "ರಾಗಿ ಒಣಗ್ಸಕ್ಕೂ ಕಾಲೇಜಿಗೆ ಹೋಗ್ಬೇಕೇನವ್ವಾ? ನಾವು ಓದ್ದಲೇನೇ ಒಣಗ್ಸಿದ್ದೀವಿ ಬುಡು" ಎಂದು ತಮಾಷೆ ಮಾಡಿಯೇ ಅವನು ಜಾಗ ಬಿಟ್ಟುಕೊಟ್ಟಿದ್ದ.

ಮೇಕೆಗಳು ನುಗ್ಗದಂತೆ ನೋಡಿಕೊಳ್ಳುವ ಕೆಲಸ ಅಫ್ಜಲುನ್ನೀಸಾಳದು. ಬಲೆಯಿಂದ ಹತ್ತು ಮಾರು ದೂರಕ್ಕೇ ಅವಳ ಮನೆ. ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಗಂಡ ನಸ್ರುಲ್ಲಾ ತೀರಿಕೊಂಡ ಮೇಲೆ ಅವಳೊಬ್ಬಳೇ ಅಲ್ಲಿದ್ದಳು. ಮಕ್ಕಳಾಗಿರಲಿಲ್ಲ. ಶಿರಾದಲ್ಲಿದ್ದ ತಮ್ಮನ ಮನೆಯವರು ಹಬ್ಬಕ್ಕೆ ಬಂದು ಸಂಜೆಯೊಳಗೆ ಹೊರಡುತ್ತಿದ್ದರು. ಮಿಕ್ಕ ದಿನ ಅವಳು ಕೋಳಿಗಳ ಜೊತೆ ಮಾತಾಡಿಕೊಂಡಿರುತ್ತಿದ್ದಳು. ಕೋಳಿಗಳು ತಿರುಗಿ ಮಾತಾಡುತ್ತಿರಲಿಲ್ಲ ಎನ್ನುವುದೊಂದು ಬಿಟ್ಟರೆ ಅದರಲ್ಲೇನೂ ಕೊರತೆ ಇರಲಿಲ್ಲ.

ಅಂಥ ಕಡೆಗೆ ಈ ಹುಡುಗಿ ಬಂದಳು. ತೋವಿನಕೆರೆ ಕಡೆಯವಳು, ಶಿರಾದಲ್ಲಿ ಬಾಡಿಗೆ ಕೋಣೆ, ಸೋಮವಾರ ಗುರುವಾರ ಸ್ಕೂಟರಿನಲ್ಲಿ ಬಂದು ದಿನವಿಡೀ ರಾಗಿಯ ಜೊತೆ ಇರುತ್ತಿದ್ದಳು. ಮಧ್ಯಾಹ್ನ ಅಫ್ಜಲುನ್ನೀಸಾಳ ಜಗಲಿಯ ಮೇಲೆ ಬುತ್ತಿ ಬಿಚ್ಚುವಳು. ಇವಳು ಹುಣಸೆ ಚಿಗುರಿನ ಚಟ್ನಿ ಅರೆದಿಡುವಳು. ತೇಜಸ್ವಿನಿಗೂ ಆ ಕೋಣೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ಗೊತ್ತಾಗಿದ್ದ ಮದುವೆಯನ್ನು ಅವಳು ಬೇಡವೆಂದ ಸುದ್ದಿ ಅವಳ ತಾಯಿಗಿಂತ ಮೊದಲು ಅಫ್ಜಲುನ್ನೀಸಾಗೆ ಗೊತ್ತಾಯಿತು.

ರಾಗಿಯನ್ನು ಯಾಕೆ ಒಣಗಿಸುತ್ತೀ ಎಂದು ಇವಳು ಕೇಳಿದ್ದೂ ಅದೇ ಜಗಲಿಯಲ್ಲಿ.

"ನೀರು ಮುಗೀತಾ ಬಂತು ಅಂತ ಮೊದಲು ಗೊತ್ತಾಗೋದು ಬೇರಿಗೆ," ಎಂದು ತೇಜಸ್ವಿನಿ ಊಟದ ನಡುವೆ ಹೇಳಿದ್ದಳು. "ಬೇರು ಎಲೆಗೆ ಒಂದು ರಸ ಕಳಿಸುತ್ತೆ. ಹಾರ್ಮೋನ್ ಅಂತೀವಿ. ಅದು ಬಂತು ಅಂದ್ರೆ ಎಲೆ ತನ್ನ ಸಣ್ಣಸಣ್ಣ ಬಾಯಿ ಮುಚ್ಚಿಕೊಳ್ಳುತ್ತೆ, ನೀರು ಆವಿಯಾಗದ ಹಾಗೆ. ಆಮೇಲೆ ಈ ಜಾತಿ ರಾಗೀಲಿ ಕೆಂಪು ಬಣ್ಣ ಹುಟ್ಟುತ್ತೆ. ಬಿಸಿಲು ಸುಡದ ಹಾಗೆ ಕೊಡೆ ಹಿಡಿದಂಗೆ. ಎಷ್ಟು ರಸಕ್ಕೆ ಎಷ್ಟು ಬಣ್ಣ ಅನ್ನೋದು ನಾನು ಕಂಡುಹಿಡೀಬೇಕು."

"ಬೇರು ಅಳ್ತದೆ, ಎಲೆ ಕಣ್ಣು ಕೆಂಪು ಮಾಡ್ಕೊಳ್ತದೆ ಅನ್ನು."

"ಹಂಗೇ ಅಂದ್ಕೊಳ್ಳಿ. ಆದ್ರೆ ಬಣ್ಣ ಕಾಣಿಸಿದ ದಿನವೇ ಎಲೆ ಕೊಯ್ಯಬೇಕು. ತಡವಾದ್ರೆ ರಸದ ಲೆಕ್ಕ ತಪ್ಪುತ್ತೆ, ಮತ್ತೆ ಬೀಜ ಹಾಕೋದೇ. ನಾನಿಲ್ಲದ ದಿನ ಬಣ್ಣ ಕಂಡ್ರೆ ನೀವು ಫೋನ್ ಮಾಡಬೇಕಮ್ಮ."

"ಕೊಯ್ದಾದ್ಮೇಲೆ?"

"ಮುಗೀತು. ಆಮೇಲೆ ಲ್ಯಾಬಲ್ಲೇ ಕೆಲಸ. ಈ ಕಡೆ ಬರೋ ಹಂಗಿಲ್ಲ," ಎಂದು ಸಂತೋಷವಾಗಿಯೇ ಹೇಳಿ ತೇಜಸ್ವಿನಿ ಕೈ ತೊಳೆದುಕೊಂಡಳು.

ಬೆಳಗಿನ ನಮಾಜಿಗೆ ಮೊದಲು ಅಫ್ಜಲುನ್ನೀಸಾ ಬದ್ನಿಯೆಂಬ ಮೂತಿಯ ಚೊಂಬಿನಲ್ಲಿ ನೀರು ತುಂಬಿಕೊಂಡು ವಜೂ ಮಾಡುತ್ತಿದ್ದಳು. ಕೈ, ಮುಖ, ಕಾಲು ತೊಳೆದು ಉಳಿದ ನೀರನ್ನು ಚೆಲ್ಲಬಾರದು, ಯಾವುದಾದರೂ ಗಿಡಕ್ಕೆ ಹಾಕಬೇಕು ಎಂದು ಅವಳ ತಾಯಿ ಕಲಿಸಿದ್ದಳು. ಇಷ್ಟು ವರ್ಷ ಅದು ಬಾಗಿಲ ಮುಂದಿನ ಬೇವಿಗೆ ಹೋಗುತ್ತಿತ್ತು. ಕೊಯ್ದಮೇಲೆ ಬರುವುದಿಲ್ಲವೆಂದು ತೇಜಸ್ವಿನಿ ಹೇಳಿದ ಮರುದಿನ ಅದು ಬಲೆಯೊಳಗಿನ ಎಡಗಡೆಯ ಕುಂಡಗಳಿಗೆ ಹೋಯಿತು. ಉಳಿದ ನೀರು ತಾನೇ, ಚೆಲ್ಲಬಾರದು ತಾನೇ ಎಂದುಕೊಂಡಳು. ಆದರೆ ಉಳಿಯುವ ನೀರೆಂದರೆ ಎರಡು ಗುಟುಕು. ಅದಕ್ಕಾಗಿ ಅವಳು ಬದ್ನಿಯನ್ನು ಮತ್ತೆ ಮತ್ತೆ ತುಂಬಿಸಿಕೊಂಡು ಬರುತ್ತಿದ್ದಳು. ಎಡಗಡೆಯ ರಾಗಿ ಹಸಿರಾಗಿಯೇ ಉಳಿಯಿತು. ತೇಜಸ್ವಿನಿ ಬರುತ್ತಲೇ ಇದ್ದಳು. ತಾನು ಮಾಡುತ್ತಿರುವುದು ಕಳ್ಳತನವೆಂದು ಅಫ್ಜಲುನ್ನೀಸಾಗೆ ಗೊತ್ತಿತ್ತು, ಗುರುವಾರದ ಸ್ಕೂಟರಿನ ಸದ್ದು ಕೇಳಿದೊಡನೆ ಮರೆತೂ ಹೋಗುತ್ತಿತ್ತು.

ಏಣಿ ಹತ್ತಿದ ಮರುವಾರ ತೇಜಸ್ವಿನಿಯ ಗುರುಗಳು ಫೋನಿನಲ್ಲಿ ಚೆನ್ನಾಗಿ ಬೈದು, ಸೂಜಿಯನ್ನು ನಂಬಬೇಡ, ಹೊತ್ತು ಹುಟ್ಟುವ ಮೊದಲೇ ಹೋಗಿ ಎಲೆಯೊಳಗೆ ಎಷ್ಟು ನೀರಿದೆಯೆಂದು ಅಳೆ ಎಂದರು. ಅವಳು ಹೊರಟೇಬಿಟ್ಟಳು. ಕತ್ತಲಲ್ಲಿ ಮರಳು ದಾರಿಗೆ ಹೆದರಿ ಸ್ಕೂಟರನ್ನು ಟಾರು ರಸ್ತೆಯಲ್ಲೇ ನಿಲ್ಲಿಸಿ ನಡೆದುಬಂದಳು. ಹಾಗಾಗಿ ಸದ್ದಾಗಲಿಲ್ಲ. ಟಾರ್ಚಿನ ಬೆಳಕು ಬಲೆಯೊಳಗೆ ಬಿದ್ದಾಗ ಅಫ್ಜಲುನ್ನೀಸಾ ಬದ್ನಿಯ ಮೂತಿಯನ್ನು ಒಂದು ಕುಂಡದ ಮೇಲೆ ಬಗ್ಗಿಸಿದ್ದಳು.

ತೇಜಸ್ವಿನಿ ಟಾರ್ಚನ್ನು ಒಂದೊಂದೇ ಹಸಿ ಕುಂಡದ ಮೇಲೆ ಹಾಯಿಸಿದಳು.

"ಶುರುವಿಂದಲೂ ಹಾಕ್ತಿದೀರಾ?"

ಅಫ್ಜಲುನ್ನೀಸಾ ಹೂಂ ಎಂದು ತಲೆಯಾಡಿಸಿದಳು.

"ಒಣಗ್ತಿರೋದು ನೋಡಿ ಪಾಪ ಅನ್ನಿಸ್ತಾ ಅಮ್ಮ? ಅದಕ್ಕೆ ಹಾಕಿದ್ರಾ?"

ಪಾಪ ಅನ್ನಿಸಿತೆಂದಿದ್ದರೆ ಹುಡುಗಿ ಸಿಟ್ಟಾಗಿ, ಅತ್ತು, ಕೊನೆಗೆ ಕ್ಷಮಿಸುತ್ತಿದ್ದಳು. ಆದರೆ ಈಗಷ್ಟೇ ವಜೂ ಮಾಡಿದ ಬಾಯಿಗೆ ಸುಳ್ಳು ಬರಲಿಲ್ಲ.

"ಗಿಡಕ್ಕೋಸ್ಕರ ಅಲ್ಲ ಬೇಟಿ. ಬಣ್ಣ ಬಂದ್ರೆ ನೀನು ಹೊಂಟೋಗ್ತೀಯ. ಆಮೇಲೆ ಇಲ್ಲಿ ಯಾರೂ ಇರಾಕಿಲ್ಲ. ಅದ್ಕೇ ಹಾಕ್ದೆ."

ತೇಜಸ್ವಿನಿ ಬೋರಲು ಹಾಕಿದ್ದ ಖಾಲಿ ಕುಂಡದ ಮೇಲೆ ಕೂತುಬಿಟ್ಟಳು. ಟಾರ್ಚು ಆರಿಸುವುದನ್ನೂ ಮರೆತಿದ್ದಳು. "ನಂದೇ ತಪ್ಪು ಅಂತ ದಿನಾ ಅತ್ತಿದೀನಿ ನಾನು. ನಂಗೆ ಈ ಓದು ಹತ್ತಲ್ಲ, ಬಿಟ್ಟು ಊರಿಗೆ ಹೋಗ್ಬಿಡೋಣ ಅಂತ ಮಾಡಿದ್ದೆ. ಅದನ್ನೂ ನಿಮಗೇ ಹೇಳಿದ್ದೆ," ಎಂದಳು. "ನೀವು ಏಣಿ ಹಿಡ್ಕೊಂಡು ನಿಂತಿದ್ರಿ."

ಅಫ್ಜಲುನ್ನೀಸಾಗೆ ಕಾಲು ಹಿಡಿದುಕೊಳ್ಳೋಣವೆನ್ನಿಸಿತು, ಅದಕ್ಕೆ ಮುಖವಿರಲಿಲ್ಲ.

ಸುದ್ದಿ ತಿಳಿದು ಚಿಕ್ಕರಂಗಯ್ಯ ಅಂದೇ ಬಂದ. "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು. ಬ್ಯಾರೆಯೋರ್ನ ಕಾವ್ಲಿಗೆ ಇಡನ ಬುಡವ್ವಾ," ಎಂದ. ಮನೆಯೊಳಗಿದ್ದ ಅಫ್ಜಲುನ್ನೀಸಾಗೆ ಪ್ರತಿ ಮಾತೂ ಕೇಳುತ್ತಿತ್ತು.

"ಬೇಡ. ಅವರೇ ಇರಲಿ," ಎಂದಳು ತೇಜಸ್ವಿನಿ.

ಹಳೆಯ ರಾಗಿಯನ್ನು ಕಿತ್ತುಹಾಕಿ ಹೊಸ ಮಣ್ಣು ತುಂಬಿ ಬೀಜ ಹಾಕಿದರು. ಬಲೆಯ ಬಾಗಿಲಿಗೆ ಬೀಗ ಬಿತ್ತು. ಪೈರು ಎದ್ದು ನಿಂತ ಮೇಲೆ ಎಡಗಡೆಯ ಕುಂಡಗಳಿಗೆ ಮತ್ತೆ ನೀರು ನಿಲ್ಲಿಸಿದರು. ಹೊರಗೆ ಮಳೆಗಾಲ ಬಂದು ಅಷ್ಟಿಷ್ಟು ಹನಿಸಿ ಹೋಯಿತು. ತೇಜಸ್ವಿನಿ ಸೋಮವಾರ ಗುರುವಾರ ತಪ್ಪದೆ ಬಂದಳು. ಬುತ್ತಿಯನ್ನು ಸ್ಕೂಟರಿನ ಪಕ್ಕದಲ್ಲೇ ನಿಂತು ತಿಂದಳು, ನೀರನ್ನೂ ತನ್ನ ಕೋಣೆಯಿಂದಲೇ ತಂದುಕೊಂಡಳು. ಅಫ್ಜಲುನ್ನೀಸಾ ಚಟ್ನಿ ಅರೆದು ಎರಡು ವಾರ ಕಾದಳು, ಆಮೇಲೆ ಅರೆಯುವುದನ್ನು ಬಿಟ್ಟಳು. ಹುಡುಗಿ ಹೋಗಬಾರದು ಎಂದು ಬೇಡಿಕೊಂಡಿದ್ದಳಲ್ಲ, ಹೋಗಲಿಲ್ಲ. ಕಣ್ಣೆದುರಿಗೇ ಓಡಾಡುತ್ತ, ಒಂದು ಮಾತೂ ಆಡದೆ, ಸಂಜೆಗೆ ಬೀಗ ಎಳೆದು ನೋಡಿ ಹೊರಡುತ್ತಿದ್ದಳು. ಗಂಡ ಸತ್ತಾಗಲೂ ಅಫ್ಜಲುನ್ನೀಸಾಗೆ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ.

ಒಂದು ಶುಕ್ರವಾರ ನಮಾಜು ಮುಗಿಸಿ ಅವಳು ಬಲೆಯ ಹೊರಗೆ ಬಂದು ನಿಂತಳು. ದಿನವೂ ನಿಲ್ಲುತ್ತಿದ್ದಳು. ಬೆಳಕು ಹರಿದಾಗ ಎಡಗಡೆಯ ಮೊದಲ ಸಾಲಿನ ಎಲೆಗಳ ಬುಡ ಕೆಂಪಾಗಿತ್ತು. ದಾಳಿಂಬೆ ಸಿಪ್ಪೆಯಂಥ ಕೆಂಪು, ಎಲೆಯ ನಡುವಿನ ನರದುದ್ದಕ್ಕೂ ತೆಳ್ಳಗೆ ಏರಿತ್ತು. ಹೊತ್ತು ಮೂಡುತ್ತಿದ್ದ ಹಾಗೆ ಎರಡನೆಯ ಸಾಲಿನಲ್ಲೂ ಕಂಡಿತು. ಬಲಗಡೆಯ ರಾಗಿ ಏನೂ ಆಗದವರ ಹಾಗೆ ಹಸಿರಾಗಿ ತೂಗುತ್ತಿತ್ತು.

ತೇಜಸ್ವಿನಿ ಬರುವುದು ಸೋಮವಾರ. ಅಷ್ಟರಲ್ಲಿ ಲೆಕ್ಕ ತಪ್ಪಿರುತ್ತದೆ, ಮತ್ತೆ ಬೀಜ ಹಾಕಬೇಕಾಗುತ್ತದೆ, ಮತ್ತೆ ಕೆಲವು ತಿಂಗಳು ಸ್ಕೂಟರಿನ ಸದ್ದು ಕೇಳುತ್ತದೆ. ಈ ಸಲ ಬೀಗ ಮುರಿಯುವುದು ಬೇಕಿರಲಿಲ್ಲ, ಒಂದು ಹನಿ ನೀರೂ ಬೇಕಿರಲಿಲ್ಲ. ಕಾಣಲಿಲ್ಲ, ವಯಸ್ಸಾದ ಕಣ್ಣು ಎಂದರೆ ನಂಬದವರಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಬೀಜ ಮೊಳೆತು ಪೈರಾಗುವಷ್ಟರಲ್ಲಿ ಹುಡುಗಿಯ ಸಿಟ್ಟೂ ಇಳಿಯಬಹುದು, ಜಗಲಿಗೆ ಬರಬಹುದು. ಅಫ್ಜಲುನ್ನೀಸಾ ಬಲೆಯ ತಂತಿಗೆ ಬೆರಳು ಸಿಕ್ಕಿಸಿಕೊಂಡು ಕೆಂಪು ಎಲೆಗಳನ್ನು ನೋಡುತ್ತ ನಿಂತಳು. ಕೋಳಿಗಳು ಗೂಡಿನಲ್ಲಿ ಗಲಾಟೆ ಮಾಡುತ್ತಿದ್ದವು, ಅವನ್ನು ಬಿಡುವುದೂ ನೆನಪಾಗಲಿಲ್ಲ.

ಕೊನೆಗೆ ಒಳಗೆ ಹೋಗಿ ಫೋನು ತಂದು ತೇಜಸ್ವಿನಿ ಹೇಳಿಕೊಟ್ಟಿದ್ದ ಗುಂಡಿಯನ್ನು ಒತ್ತಿ ಹಿಡಿದಳು. ಮೊದಲ ಸಲ ಎತ್ತಲಿಲ್ಲ. ಇನ್ನೊಮ್ಮೆ ಒತ್ತಿದಳು.

"ಹೇಳಿ."

"ಬಣ್ಣ ಬಂತು, ಬೇಟಿ."

"ಎಷ್ಟು ಕುಂಡಕ್ಕೆ?"

"ನೋಡ್ತಾ ನೋಡ್ತಾ ಬರ್ತಾ ಅದೆ. ಬೇಗ ಬಾ."

ಬಿಸಿಲು ಏರುವ ಮೊದಲೇ ತೇಜಸ್ವಿನಿ ಬಂದಳು. ಬೆಳ್ಳಗೆ ಹೊಗೆಯಾಡುವ ತಣ್ಣನೆಯ ಡಬ್ಬ, ಕತ್ತರಿ, ಬೆಳ್ಳಿ ಹಾಳೆಯ ಸುರುಳಿ ಎಲ್ಲವನ್ನೂ ಇಳಿಸಿ ಬೀಗ ತೆಗೆದಳು. ಒಳಗೆ ಹೋಗಿ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅರಳಿತು. ಅಫ್ಜಲುನ್ನೀಸಾ ಹೊರಗಿನಿಂದಲೇ ಅದನ್ನು ಕಂಡಳು. ಆಮೇಲೆ ತೇಜಸ್ವಿನಿ ಒಂದು ಕೈಯಲ್ಲಿ ಎಲೆ, ಒಂದು ಕೈಯಲ್ಲಿ ಕತ್ತರಿ ಹಿಡಿದು, ಹಾಳೆಯನ್ನು ಹಲ್ಲಿನಲ್ಲಿ ಹರಿಯಲು ಹೋಗಿ ಬೀಳಿಸಿದಳು. ಕೊಯ್ದ ಎಲೆಯನ್ನು ಕೂಡಲೇ ಸುತ್ತಿ ಡಬ್ಬಕ್ಕೆ ಹಾಕದಿದ್ದರೆ ಕೆಡುತ್ತದೆ. ಅದು ಒಬ್ಬರ ಕೆಲಸವಲ್ಲ. ಜೊತೆಗೆ ಬರಬೇಕಾದ ಲ್ಯಾಬಿನವರು ಬೆಂಗಳೂರಿನಿಂದ ಹೊರಟಿರಲೂ ಇಲ್ಲ.

ಅವಳು ಬಾಗಿಲ ಕಡೆ ತಿರುಗಿದಳು. "ಒಳಗೆ ಬನ್ನಿ ಅಮ್ಮ. ಎಲೆ ಹಿಡ್ಕೊಳ್ಳಿ."

ಅಫ್ಜಲುನ್ನೀಸಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು.

"ಅಷ್ಟು ಗಟ್ಟಿಯಾಗಿ ಬೇಡ. ತುದಿ ಹಿಡೀರಿ. ಹಂಗೇ."

ಇವಳು ಹಿಡಿದಳು, ಅವಳು ಕತ್ತರಿಸಿದಳು. ಎಲೆ ಹಾಳೆಯೊಳಗೆ, ಹಾಳೆ ಡಬ್ಬದೊಳಗೆ. ಮೊದಲ ಸಾಲು ಮುಗಿಯಿತು. ಬೆವರು ಕಣ್ಣಿಗಿಳಿದಾಗ ತೇಜಸ್ವಿನಿ ಅಫ್ಜಲುನ್ನೀಸಾಳ ಸೆರಗಿನ ತುದಿಯಲ್ಲೇ ಮುಖ ಒರೆಸಿಕೊಂಡಳು.

ಕೊನೆಯ ಸಾಲಿಗೆ ಬಂದಾಗ ತೇಜಸ್ವಿನಿಯ ಕೈ ನಿಧಾನವಾಯಿತು. ಕತ್ತರಿಯನ್ನು ಸುಮ್ಮನೆ ಹಿಡಿದುಕೊಂಡು ಉಳಿದ ಕುಂಡಗಳನ್ನು ನೋಡುತ್ತ ನಿಂತಳು.

"ಬಿಸಿಲು ಏರ್ತಾ ಅದೆ, ಬೇಟಿ," ಎಂದು ಅಫ್ಜಲುನ್ನೀಸಾ ಮುಂದಿನ ಕುಂಡದ ಎಲೆಯನ್ನು ಕತ್ತರಿಯ ಕಡೆಗೆ ಬಗ್ಗಿಸಿ ಹಿಡಿದಳು.