ಹಳದಿ ನೀರು ಹಸಿರಾದರೆ

ತೋಳ ಮಂದೆಗೆ ನುಗ್ಗಿದರೂ ದೊಣ್ಣೆ ಹಿಡಿದು ಎದುರು ನಿಲ್ಲುವ ಗುತ್ಯಮ್ಮ, ಶಿಕಾರಿಪುರದ ಆಸ್ಪತ್ರೆ ಬಾಗಿಲಲ್ಲಿ ಖಾಕಿ ಬಟ್ಟೆ ಕಂಡು ಗಡಗಡ ನಡುಗಿದಳು. ಹೆದರದೆ ಏನು ಮಾಡಿಯಾಳು? ತಾಳಗುಂದದ ಮನೆಯಲ್ಲಿ ಮಗಳು ಹಾಲಮ್ಮ ಹಸಿ ಬಾಣಂತಿ. ಅವಳ ಮೈ ಬೆಚ್ಚಗಿರಲೆಂದು ದಿನಾ ಒಂದು ಗುಟುಕು ಕೊಡಲು ಮುದುಕಿ ತಾನೇ ಗುಟ್ಟಾಗಿ ಸಾರಾಯಿ ಇಳಿಸಿದ್ದಳು. ಪಾನನಿರೋಧ ಬಂದ ಮೇಲೆ ಅದಕ್ಕೂ ಜೇಲು. ಬಾಣಂತಿಯ ಚಳಿ ಸರ್ಕಾರಕ್ಕೇನು ಗೊತ್ತು!

ಆಗಿದ್ದಿಷ್ಟು. ಮೊನ್ನೆ ಸಂಜೆ ಸೊರಬದಿಂದ ಬರುತ್ತಿದ್ದ ಲಾರಿಗೆ ಬೆದರಿದ ಎತ್ತುಗಳು ಗಾಡಿಸಮೇತ ಅಡ್ಡ ಬಂದವು. ಗಾಡಿ ಹೊಡೆಯುತ್ತಿದ್ದ ಧರ್ಮಪ್ಪ ಅಲ್ಲೇ ಸತ್ತ. ಲಾರಿ ಗದ್ದೆಗೆ ಉರುಳಿತು. ಸಾರಾಯಿ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಹೊರಟಿದ್ದ ಗುತ್ಯಮ್ಮ ಓಡಿ ಹೋದಳು. ಡ್ರೈವರ್ ಮುನಾಫ್ ಮೈಮೇಲೆ ಎಚ್ಚರವಿಲ್ಲದೆ ನರಳುತ್ತಿದ್ದ, ಕೈಕಾಲು ತಣ್ಣಗಾಗಿದ್ದವು. ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಸ್ವಲ್ಪ ಸ್ವಲ್ಪವಾಗಿ ಅರ್ಧ ಸೀಸೆ ಹೊಯ್ದಳು. ಅವನು ನುಂಗಿದ, ಕೆಮ್ಮಿದ, ಉಸಿರು ತಿರುಗಿತು. ಜನ ಬರುವ ಸದ್ದಾದ ಕೂಡಲೇ ಮುದುಕಿ ಅಲ್ಲಿಂದ ಜಾರಿಕೊಂಡಳು.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಕುಡಿದು ಲಾರಿ ಓಡಿಸಿ ಒಬ್ಬನನ್ನು ಕೊಂದ. ಬಾಯಿ ನಾರುತ್ತಿತ್ತಲ್ಲ! ಅದು ಕಿವಿಗೆ ಬಿದ್ದೇ ಗುತ್ಯಮ್ಮ ಆಸ್ಪತ್ರೆಗೆ ಬಂದು, ಅವನ ಮಂಚದ ಹತ್ತಿರ ನೆಲದ ಮೇಲೆ ಕೂತಿದ್ದಳು.

ಮುರಿದ ಕಾಲು ಚಾಚಿ ಮಲಗಿದ್ದ ಮುನಾಫ್ ಡಾಕ್ಟರಿಗೆ ಕೈಮುಗಿದ. "ಅಲ್ಲಾನ ಆಣೆ ಸಾಬ್, ಹುಟ್ಟಿದಾಗಿಂದ ಅದನ್ನ ಮುಟ್ಟಿಲ್ಲ ನಾನು."

"ನಿನ್ನ ರಕ್ತ ಬೆಂಗಳೂರಿಗೆ ಹೋಗಿದೆಯಪ್ಪ. ಅದನ್ನ ಕಾಯಿಸಿ, ಆವಿಯನ್ನ ಹಳದಿ ನೀರಿಗೆ ಬಿಡ್ತಾರೆ. ಸಾರಾಯಿ ಇದ್ರೆ ಹಳದಿ ಹಸಿರಾಗ್ತದೆ. ಎಷ್ಟಿತ್ತು ಅಂತಾನೂ ಗೊತ್ತಾಗ್ತದೆ."

"ಬೇಗ ನೋಡ್ಲಿ ಸಾಬ್. ನಂಗೇನ್ ಹೆದರಿಕೆ?" ಮುನಾಫ್ ನಕ್ಕೇಬಿಟ್ಟ.

ಆ ನಗು ಕಂಡು ಗುತ್ಯಮ್ಮ ಡಾಕ್ಟರ ಕಡೆ ತಿರುಗಿದಳು. "ಯಪ್ಪಾ, ಯಾವಾಗ ಕುಡಿದ ಅಂತ ಹೇಳ್ತೈತೇನ್ರೀ ಆ ನೀರು? ಲಾರಿ ಬೀಳೋಕೆ ಮುಂಚೇನೋ, ಆಮೇಲೋ?"

"ಅದನ್ನ ಹೇಳೋದಿಲ್ಲ. ಯಾಕಜ್ಜಿ?"

ಬಾಯಲ್ಲಿ ಬಿಸಿ ತುಪ್ಪ. ಸುಮ್ಮನಿದ್ದರೆ ಅವನಿಗೆ ಜೇಲು, ಹೇಳಿದರೆ ತನಗೆ. ಬಾಗಿಲು ನಾಲ್ಕು ಮಾರು ದೂರದಲ್ಲೇ ಇತ್ತು, ಎದ್ದು ಹೋದರೆ ಕೇಳುವವರಿಲ್ಲ.

"ನಾನೇ ಹೊಯ್ದಿದ್ರೀ," ಎಂದಳು. "ಬಿದ್ದ ಮ್ಯಾಲೆ. ಅವ್ನಿಗೆ ಎಚ್ಚರಾನೇ ಇರ್ಲಿಲ್ಲ." ಉಳಿದರ್ಧ ಸೀಸೆಯನ್ನು ಮಡಿಲಿಂದ ತೆಗೆದು ಮೇಜಿನ ಮೇಲಿಟ್ಟಳು.

ಮುನಾಫ್ ಅಂಗೈಯಿಂದ ತುಟಿ ಒರೆಸಿಕೊಂಡ. ಮತ್ತೆ ಮತ್ತೆ ಒರೆಸಿಕೊಂಡ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಹಮೀದಾ ಚೀರಿದಳು: "ಹರಾಮ್ ಕುಡಿಸಿದ್ಯಲ್ಲ ಅಜ್ಜೀ!"

ಕಾವಲಿದ್ದ ಪೊಲೀಸ್ ಜಯಪ್ಪ ಸೀಸೆ ಎತ್ತಿಕೊಂಡ. "ಒಳ್ಳೆ ಸಾಕ್ಷಿ. ಇವ್ನು ಉಳೀತಾನೆ. ನಿಂದು ಬೇರೆ ಕೇಸು. ನಡಿ ಠಾಣೆಗೆ."

"ಬರ್ತೀನಪ್ಪ." ಗುತ್ಯಮ್ಮ ಕೈಮುಗಿದಳು. "ಮಗಳು ಹಸಿ ಬಾಣಂತಿ. ಎಳೆ ಕೂಸು. ಇಬ್ರಿಗೂ ಮೈಗೆ ನೀರು ಹಾಕೋಕೆ ಮನ್ಯಾಗೆ ಇನ್ನೊಂದು ಹೆಣ್ಣು ಜೀವ ಇಲ್ಲ. ಸತ್ತೋಗ್ತಾವಪ್ಪ ಎರಡೂ..."

ಜಯಪ್ಪ ಬಾಗಿಲು ತೋರಿಸಿದ. ಹಮೀದಾ ಗಂಡನ ಮುಖ ನೋಡಿದಳು. ಅವನು ತುಟಿ ಒರೆಸುವುದನ್ನು ನಿಲ್ಲಿಸಿ ಹೂಂ ಎಂದು ತಲೆ ಆಡಿಸಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು.

"ತಾಳಗುಂದದಾಗೆ ಮನೆ ಯಾವ ಕಡೆ, ಹೇಳಜ್ಜಿ. ನೀರು ನಾನು ಹಾಕ್ತೀನಿ."