ಸೋಮವಾರದ ನೋವು

ಅಮ್ಮನ ಹೊಟ್ಟೆನೋವು ಶುರುವಾದದ್ದು ಸೋಮವಾರ. ಗುರುವಾರದವರೆಗೂ ಅವಳು ಅದನ್ನು ವಾಯು ಎಂದೇ ಕರೆದಳು. ಹಳೆಯ ಬಟ್ಟೆಯೊಂದನ್ನು ಸೊಂಟಕ್ಕೆ ಬಿಗಿದು, ಬಿಸಿನೀರು ಕುಡಿದು, ಹೊಲಿಗೆ ಮಷೀನು ತುಳಿಯುತ್ತಲೇ ಇದ್ದಳು. ಶಾಲೆ ತೆರೆಯಲು ಹನ್ನೆರಡು ದಿನ ಉಳಿದಿತ್ತು. ಎಂಬತ್ತು ಮಕ್ಕಳ ಸಮವಸ್ತ್ರದಲ್ಲಿ ಮೂವತ್ತೊಂದಕ್ಕೆ ಇನ್ನೂ ತೋಳು ಕೂಡಿಸಿರಲಿಲ್ಲ. ಗುರುವಾರ ಮಧ್ಯಾಹ್ನ ಕತ್ತರಿ ಕೆಳಗಿಟ್ಟು ಬಟ್ಟೆಯ ರಾಶಿಯ ಮೇಲೆಯೇ ಮೆಲ್ಲಗೆ ಒರಗಿದಳು. ಅಮ್ಮ ಹಗಲಲ್ಲಿ ಒರಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿದ ಮೇಲೆ ಆಪರೇಷನ್ ಮಾಡುವ ಡಾಕ್ಟರಮ್ಮ ಪರದೆ ಸರಿಸಿ ಒಳಗೆ ಬಂದರು. ದೊಡ್ಡ ಕರುಳಿನ ಗೋಡೆಯಲ್ಲಿ ಉಬ್ಬಿದ್ದ ಪುಟ್ಟ ಚೀಲವೊಂದು ಒಡೆದಿದೆ, ಈಗಲೇ ಆಪರೇಷನ್ ಆಗಬೇಕು ಎಂದರು. ದಾರಿ ಎರಡು. ಒಡೆದದ್ದು ಹೊಸದಾಗಿದ್ದರೆ ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಕೆಲಸ ಮುಗಿಸಬಹುದು. ಬೇಗ ಎದ್ದು ಓಡಾಡಬಹುದು. ದಿನಗಳೇ ಕಳೆದಿದ್ದರೆ ಕೀವು, ಕೊಳೆ ಎಲ್ಲ ಕಡೆ ಹರಡಿ ಕರುಳುಗಳು ಒಂದಕ್ಕೊಂದು ಅಂಟಿರುತ್ತವೆ. ಆಗ ಹೊತ್ತು ಕಳೆಯದೆ ನೇರವಾಗಿ ಹೊಟ್ಟೆ ತೆರೆದು ತೊಳೆಯುವುದೇ ಸರಿ. ಎಷ್ಟು ಹಳೆಯದೆಂದು ಸ್ಕ್ಯಾನ್ ಪೂರ್ತಿ ಹೇಳುವುದಿಲ್ಲ.

“ನೋವು ಯಾವಾಗ ಶುರುವಾಯ್ತಮ್ಮ?”

“ಇವತ್ತು ಬೆಳಿಗ್ಗೆ,” ಎಂದಳು ಅಮ್ಮ, ಕಣ್ಣು ಮಿಟುಕಿಸದೆ. ಮೇಲಿಂದ, “ನಿಮ್ಮ ಕೋಟಿನ ಗುಂಡಿ ಜೋತಾಡ್ತಿದೆ ಡಾಕ್ಟ್ರೇ. ಊರಿನವರನ್ನೆಲ್ಲ ಹೊಲೀತೀರ, ಅದೊಂದನ್ನ ಹೊಲ್ಕೊಳ್ಳೋಕಾಗಲ್ವಾ?”

ಡಾಕ್ಟರಮ್ಮ ನಕ್ಕು, ಆಪರೇಷನ್ ಕೋಣೆಗೆ ಫೋನ್ ಮಾಡಲು ಹೊರಗೆ ಹೋದರು. ಪರದೆ ಮುಚ್ಚಿದ್ದೇ ತಡ, ಅಮ್ಮ ನನ್ನ ಮಣಿಕಟ್ಟು ಹಿಡಿದಳು. ನಮ್ಮ ಹೊಲಿಗೆ ಅಂಗಡಿಯ ಪಕ್ಕದ ಇಸ್ತ್ರಿಯಣ್ಣ ಹೊಟ್ಟೆ ಕೊಯ್ಸಿಕೊಂಡು ಎರಡು ತಿಂಗಳು ಇಸ್ತ್ರಿಪೆಟ್ಟಿಗೆ ಮುಟ್ಟಿರಲಿಲ್ಲ. ಎದುರುಮನೆಯ ಟೀಚರು ತೂತಿನಲ್ಲೇ ಮುಗಿಸಿಕೊಂಡು ಹತ್ತೇ ದಿನಕ್ಕೆ ಪಾಠ ಮಾಡಿದ್ದರು. ಅಮ್ಮನಿಗೆ ಗೊತ್ತಿದ್ದ ವೈದ್ಯಶಾಸ್ತ್ರ ಇಷ್ಟೇ.

“ನಾಲ್ಕು ದಿನ ಅಂದ್ರೆ ಪೂರ್ತಿ ಬಿಚ್ಚಿಬಿಡ್ತಾರೆ. ಮಷೀನ್ ಯಾರು ತುಳೀತಾರೆ, ನೀನಾ? ಸೂಜಿಗೆ ದಾರ ಪೋಣಿಸೋದ್ರೊಳಗೆ ಕನಸು ಕಾಣೋಳು. ಬಾಯಿ ಬಿಟ್ರೆ ನನ್ನಾಣೆ.”

ನಾನು ಅಜ್ಜಿಯ ಮಡಿಲಲ್ಲಿ ಬೆಳೆದವಳು. ಅಮ್ಮ ಹಗಲೆಲ್ಲ ಹೊಲಿಯುತ್ತಿದ್ದರೆ ಅಜ್ಜಿ, ತೀರಿಕೊಳ್ಳುವವರೆಗೂ, ತುತ್ತಿಗೊಂದು ಕಥೆ ಉಣಿಸಿದಳು. ಅವಳ ಕಥೆಗಳಲ್ಲಿ ಗುಟ್ಟು ಬಿಟ್ಟುಕೊಟ್ಟವರು ಕಲ್ಲಾಗುತ್ತಿದ್ದರು. ಮೊದಲ ಮಾತಿಗೆ ಮೊಣಕಾಲಿನವರೆಗೆ, ಎರಡನೆಯದಕ್ಕೆ ಸೊಂಟದವರೆಗೆ. ಆಣೆ ಉಳಿಸಿಕೊಂಡವರಿಗೆ ಕೊನೆಗೆ ಎಲ್ಲವೂ ಮರಳಿ ಸಿಗುತ್ತಿತ್ತು, ಸತ್ತ ತಾಯಿ ಕೂಡ. ಇಪ್ಪತ್ಮೂರು ತುಂಬಿದ್ದರೂ ಅದರಲ್ಲಿ ಅರ್ಧವನ್ನು ನಾನು ನಂಬಿಯೇ ಇದ್ದೆ.

ಡಾಕ್ಟರಮ್ಮ ಮರಳಿ ಬಂದು ಈ ಸಲ ನನ್ನನ್ನೇ ಕೇಳಿದರು. “ಅಮ್ಮ ಹೇಳಿದ್ದು ಸರೀನಾ? ನಿನ್ನೆ ಮೊನ್ನೆ ಏನೂ ಇರಲಿಲ್ವಾ?”

ಮಣಿಕಟ್ಟಿಗೆ ಉಗುರು ಊರಿತು.

“ಬೆಳಿಗ್ಗೆಯಿಂದಾನೇ,” ಎಂದೆ. ಹಾಗಾದರೆ ತೂತಿನಿಂದಲೇ ಶುರು ಮಾಡೋಣ ಎಂದು ಅವರು ಕಾಗದ ಮುಂದಿಟ್ಟರು. ಸಹಿ ಹಾಕಿದೆ. ಅಮ್ಮನ ಹಿಡಿತ ಸಡಿಲವಾಯಿತು.

ಹೊರಗಿನ ಕಬ್ಬಿಣದ ಬೆಂಚಿನಲ್ಲಿ ಕೂತು, ಮಿಂಚುಹುಳದಂಥ ಒಂದು ಬೆಳಕು ಅಮ್ಮನ ಒಳಗಿನ ಕತ್ತಲೆಗೆ ಇಳಿಯುವುದನ್ನೂ ಹರಿದ ಜಾಗವನ್ನು ಹುಡುಕುವುದನ್ನೂ ಕಲ್ಪಿಸಿಕೊಂಡೆ. ಅದಕ್ಕೆ ದಾರಿಯೇ ಸಿಕ್ಕಿರಲಿಲ್ಲವೆಂದು ಆಮೇಲೆ ತಿಳಿಯಿತು. ನಾಲ್ಕು ಗಂಟೆ ಕಳೆದು ಹೊರಬಂದ ಡಾಕ್ಟರಮ್ಮ ಬೆಂಚಿನ ಇನ್ನೊಂದು ತುದಿಗೆ ಕೂತರು. ಒಳಗೆಲ್ಲ ಅಂಟಿಹೋಗಿತ್ತಂತೆ. ಬಿಡಿಸಲು ನೋಡಿದರಂತೆ, ಅಷ್ಟರಲ್ಲಿ ರಕ್ತದೊತ್ತಡ ಕುಸಿದು, ಕೊನೆಗೆ ಹೊಟ್ಟೆ ತೆರೆಯಲೇಬೇಕಾಯಿತಂತೆ. ಜೀವ ಇನ್ನೂ ಅಪಾಯದಲ್ಲೇ ಇದೆಯಂತೆ.

“ಇದು ಇವತ್ತಿನದಲ್ಲ,” ಎಂದರು. “ಗೊತ್ತಿದ್ದಿದ್ರೆ ಮೊದಲೇ ತೆರೀತಿದ್ವಿ. ಒಂದು ಗಂಟೆ ಉಳೀತಿತ್ತು.”

ಆ ಒಂದು ಗಂಟೆ ಉಳಿದಿದ್ದರೆ ಅಮ್ಮ ಅಪಾಯದಿಂದ ಪಾರಾಗುತ್ತಿದ್ದಳೇ ಎಂದು ಕೇಳಿದ್ದಕ್ಕೆ, ಹೇಳಲಾರೆ ಎಂದರು. ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

ಮರುದಿನ ಮಧ್ಯಾಹ್ನ ಅಮ್ಮನಿಗೆ ಎಚ್ಚರವಾಯಿತು. ಬಾಯಲ್ಲಿ ಕೊಳವೆ, ಮಾತಿಲ್ಲ. ಅವಳ ಬೆರಳು ಹೊದಿಕೆಯ ಕೆಳಗೆ ಸರಿದು, ಹೊಟ್ಟೆಯ ಮೇಲಿನ ಪಟ್ಟಿಯ ತುದಿಯನ್ನು ಹುಡುಕಿತು. ಅಲ್ಲಿಂದ ಅಳತೆ ತೆಗೆಯುವಂತೆ ಇಳಿಯಿತು. ಹೊಕ್ಕುಳು ದಾಟಿತು, ಇನ್ನೂ ಇಳಿಯಿತು. ಆಮೇಲೆ ಅವಳು ನನ್ನನ್ನು ನೋಡಿದಳು.

ಹೇಳಿಬಿಟ್ಟೆಯಾ, ಎನ್ನುವ ನೋಟ.

ಇಲ್ಲಮ್ಮ ಎನ್ನಬಹುದಿತ್ತು. ನಿಜವೂ ಅದೇ. ಆದರೆ ಅಮ್ಮನ ಕೈ ಕೊಡವಿ, ಸೋಮವಾರದಿಂದ ಡಾಕ್ಟ್ರೇ ಎಂದು ಹೇಳಿ, ಅವಳ ಕೋಪಕ್ಕೆ ಗುರಿಯಾದ ಇನ್ನೊಬ್ಬ ಮಗಳು ಇರಬೇಕಿತ್ತು. ಆ ಹೊತ್ತಿಗಾದರೂ ನಾನು ಅವಳಾಗಲು ಬಯಸಿದೆ.

“ಹೌದಮ್ಮ. ಹೇಳಿಬಿಟ್ಟೆ.”

ಅಮ್ಮ ಕಣ್ಣು ಮುಚ್ಚಿದಳು. ಎಷ್ಟೋ ಹೊತ್ತಿನ ಮೇಲೆ ಅವಳ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂದು ಎರಡು ಸಲ ತಟ್ಟಿತು, ಹೋಗಲಿ ಬಿಡು ಎಂಬಂತೆ. ಸಂಜೆ ಅವಳ ಜೀವ ಹೋಗುವವರೆಗೂ ಆ ಕೈಯನ್ನು ಹಿಡಿದುಕೊಂಡೇ ಇದ್ದೆ, ನಿಜ ಹೇಳಲಿಕ್ಕೆ ಇನ್ನೂ ಹೊತ್ತಿದೆ ಎಂದುಕೊಳ್ಳುತ್ತ.