ಹುಲಿಗೆಮ್ಮನ ಬಾಯಿ

“ಬಾಯಿ ಬಿಡ್ತೀಯೋ, ಬಟ್ಟೆ ಬಿಚ್ಚಿಸಿ ನೋಡ್ಲೋ, ಮುಂಡೆ?”

ಅರುಂಧತಿ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದಳು. ಮನೆಗೆಲಸದ ಹುಲಿಗೆಮ್ಮನ ನೈಟಿಗಳು, ಒಳಬಟ್ಟೆ, ತಲೆನೋವಿನ ಮುಲಾಮು, ಗಂಗಾವತಿಯಲ್ಲಿ ಅವ್ವನ ಬಳಿ ಬಿಟ್ಟುಬಂದ ಮಗಳ ಫೋಟೊ ಹಾಲಿನ ಬಿಳಿ ನೆಲದ ಮೇಲೆ ಚೆಲ್ಲಿದವು. ಒಳಬಟ್ಟೆಯನ್ನು ಅರುಂಧತಿ ಚಪ್ಪಲಿಯ ತುದಿಯಿಂದ ಸರಿಸಿ ಸರಿಸಿ ನೋಡಿದಳು. ಭಾನುವಾರದ ಬೆಳಗ್ಗೆ. ಕೆಳಗೆ ಕಾಂಡೊ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಮಕ್ಕಳು ಕೇಕೆ ಹಾಕುತ್ತಿದ್ದರು.

ಕಾಣೆಯಾಗಿದ್ದುದು ದೇವರ ಮನೆಯ ಬೆಳ್ಳಿ ಕುಂಕುಮದ ಬಟ್ಟಲು.

“ನಾ ಆ ಖೋಲಿಗೆ ಕಾಲ ಇಟ್ಟಿಲ್ರಿ ಅಮ್ಮಾರ. ನೀವ ಬ್ಯಾಡ ಅಂದೀರಿ,” ಎಂದಳು ಹುಲಿಗೆಮ್ಮ.

“ಓಹೋ. ಹಾಗಾದ್ರೆ ಕದ್ದಿದ್ದೂ ಅಲ್ದೆ ಒಳಗೆ ಹೋಗಿ ಮೈಲಿಗೆ ಬೇರೆ ಮಾಡಿದೀಯ.”

ಕೆಲಸಕ್ಕೆಂದು ಈ ಪರದೇಶಕ್ಕೆ ಬಂದ ದಿನವೇ ಅರುಂಧತಿ ಅವಳ ಊರು ಕೇಳಿ, ಕೇರಿ ಕೇಳಿ, ದೇವರ ಮನೆ ಕಡೆ ತಲೆ ಹಾಕಬೇಡ ಎಂದಿದ್ದಳು. ಕಕ್ಕಸು ತಿಕ್ಕಲು, ಅರುಂಧತಿಯ ಮಗಳ ಮುಟ್ಟಿನ ಬಟ್ಟೆ ಒಗೆಯಲು ಯಾವ ಮೈಲಿಗೆಯೂ ಇರಲಿಲ್ಲ. ವಾರಕ್ಕೊಂದು ರಜೆ ಸಿಕ್ಕರೆ ಆ ದಿನ ಅದೇ ಊರಿನ ಟೋವಾ ಪಾಯೋ ಬಡಾವಣೆಯಲ್ಲಿದ್ದ ಅರುಂಧತಿಯ ತಂಗಿಯ ಮನೆಯನ್ನೂ ಗುಡಿಸಿ ಒರೆಸಿ ಬರಬೇಕಿತ್ತು. ಸೊಂಟ ಹಿಡಿದುಕೊಂಡಿತು. ಶನಿವಾರ ಹುಲಿಗೆಮ್ಮ ಧೈರ್ಯ ಮಾಡಿದಳು.

“ಇನ್ನ ನಾ ಅಲ್ಲಿಗೆ ಹೋಗಂಗಿಲ್ರಿ. ಹಂಗ ಇನ್ನೊಬ್ಬರ ಮನೀಗೆ ಕಳಸೂದು ಇಲ್ಲಿ ಕಾಯ್ದೇಕ ವಿರುದ್ಧ ಐತಂತ. ಬಲವಂತ ಮಾಡಿದ್ರ ಕೆಲಸದವರ ಸರಕಾರಿ ಆಫೀಸಿನ್ಯಾಗ ಹೇಳ್ತೀನ್ರಿ.”

ಮಾರನೆಯ ಬೆಳಗ್ಗೆ ಬಟ್ಟಲು ಇರಲಿಲ್ಲ.

ಅರುಂಧತಿಯ ಗಂಡ ನವನೀತ್ ಕಾಫಿ ಲೋಟ ಹಿಡಿದು ಬಂದು ಸೋಫಾದಲ್ಲಿ ಕೂತ. ಅವನು ಎಂದೂ ದನಿಯೇರಿಸಿದವನಲ್ಲ.

“ನೋಡಮ್ಮ, ನಾವು ಕೆಟ್ಟವರಲ್ಲ. ಪೊಲೀಸ್‌ಗೆ ಕೊಟ್ರೆ ಇಲ್ಲಿ ಜೈಲು. ವಿಡಿಯೊದಲ್ಲಿ ‘ಕದ್ದಿದ್ದು ನಾನೇ’ ಅಂತ ಒಂದ್ಮಾತು ಹೇಳ್ಬಿಡು. ಸಂಜೆ ಫ್ಲೈಟ್ ಬುಕ್ ಮಾಡ್ತೀನಿ, ಪಾಸ್‌ಪೋರ್ಟ್ ಕೈಗೆ ಕೊಟ್ಟು ಊರಿಗೆ ಕಳಿಸ್ತೀವಿ.”

ಆ ಒಂದು ಮಾತು ಅವರ ಫೋನಿನಲ್ಲಿ ಕೂತರೆ ಆಮೇಲೆ ತಾನು ಯಾವ ಆಫೀಸಿನಲ್ಲಿ ಏನು ಹೇಳಿದರೂ ಕಳ್ಳಿಯ ಮಾತಾಗುತ್ತದೆ ಎಂದು ಹುಲಿಗೆಮ್ಮನಿಗೆ ಹೊಳೆಯಿತು.

“ವರ್ಣಿಕಾ, ನಿನ್ ಫೋನ್ ತಗೊಂಡ್ ಬಾ. ರೆಕಾರ್ಡ್ ಮಾಡು,” ಎಂದು ಅರುಂಧತಿ ಕೂಗಿದಳು.

ಮಗಳು ಬಂದಳು. ಹದಿನೈದರ ಹುಡುಗಿ. ಹೋದ ತಿಂಗಳು ಶಾಲೆಯ ಭಾಷಣ ಸ್ಪರ್ಧೆಗೆ ಅಮೆರಿಕದ ಕೋರ್ಟಿನ ದೊಡ್ಡ ತೀರ್ಪೊಂದನ್ನು ಆರಿಸಿಕೊಂಡು, ಇಸ್ತ್ರಿ ಮಾಡುತ್ತಿದ್ದ ಹುಲಿಗೆಮ್ಮನ ಮುಂದೆ ಇಂಗ್ಲಿಷಿನಲ್ಲಿ ಒಪ್ಪಿಸಿದ್ದಳು. ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದಳು.

“ಮಿರಾಂಡಾ ಅಂತ ಒಬ್ಬ ಕೂಲಿಯವ್ನು ಆಂಟಿ. ಪೊಲೀಸರು ರೂಮಲ್ಲಿ ಕೂರಿಸ್ಕೊಂಡು ತಪ್ಪೊಪ್ಪಿಗೆ ಬರೆಸ್ಕೊಂಡ್ರು. ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ನೀನು ಸುಮ್ನಿರಬಹುದು, ಲಾಯರ್ ಬೇಕು ಅನ್ನಬಹುದು ಅಂತ ಮೊದ್ಲೇ ಹೇಳಬೇಕಿತ್ತು ಅಂತು.”

“ಅಂವಾ ತಪ್ಪು ಮಾಡಿರ್ಲಿಲ್ಲೇನು?”

“ಮಾಡಿದ್ದ. ಬೇರೆ ಸಾಕ್ಷಿ ತಂದು ಮತ್ತೆ ಜೈಲಿಗೆ ಹಾಕಿದ್ರು. ಅದಲ್ಲ ಲಾ ಪಾಯಿಂಟು. ತಪ್ಪು ಮಾಡಿದವನಿಗೂ ಬಾಯಿ ಮುಚ್ಕೊಂಡಿರೋ ಹಕ್ಕಿದೆ.”

“ಸುಮ್ನ ಕುಂತ್ರ ಬಡಿಯಂಗಿಲ್ಲ?”

“ಇಲ್ಲ ಆಂಟಿ.”

ಹುಲಿಗೆಮ್ಮ ನಕ್ಕಿದ್ದಳು. ಊರಲ್ಲಿ ಗೌಡರ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಕೇಳಿದಾಗ ಅವಳ ಗಂಡ, ಮುಟ್ಟದ ಪಂಪ್‌ಸೆಟ್ಟನ್ನು ತಾನೇ ಕದ್ದೆ ಎಂದಿದ್ದ. ಅದಾದ ಮೇಲೆ ಅವನು ಮಾತು ಬಿಟ್ಟ, ಊಟ ಬಿಟ್ಟ, ಮಳೆಗಾಲಕ್ಕೆ ಮುಂಚೆ ತೀರಿಕೊಂಡ. ವರ್ಣಿಕಾಗೆ ಮೊದಲ ಬಹುಮಾನ ಬಂತು. ಆ ಸಂಜೆ ಬಂದ ಇಪ್ಪತ್ತು ಜನರ ಪಾತ್ರೆ ತೊಳೆದವಳು ಹುಲಿಗೆಮ್ಮ.

“ಅಪ್ಪಾ, ಫೋರ್ಸ್ ಮಾಡಿ ಹೇಳ್ಸಿದ್ರೆ ಅದು ಕನ್ಫೆಷನ್ ಅಲ್ಲ,” ಎಂದಳು ವರ್ಣಿಕಾ, ನೆಲ ನೋಡುತ್ತ.

“ಅದು ಅಮೆರಿಕಾ. ಇದು ನಮ್ಮನೆ,” ಎಂದ ನವನೀತ್. “ಪ್ರೈಜ್ ಬಂತಲ್ಲ, ಮುಗೀತು. ಫೋನ್ ಹಿಡಿ.”

ಹುಡುಗಿ ಹಿಡಿದಳು.

“ಶುರು ಮಾಡೇ,” ಎಂದಳು ಅರುಂಧತಿ.

ಹುಲಿಗೆಮ್ಮ ಬಗ್ಗಿ ಮಗಳ ಫೋಟೊ ಎತ್ತಿಕೊಂಡು ಸೆರಗಿಲ್ಲದ ನೈಟಿಗೆ ಒರೆಸಿದಳು. ನೆಟ್ಟಗೆ ನಿಂತಳು.

“ನಾ ಮಾತಾಡಂಗಿಲ್ಲ.”

ಕೊನೆಗೆ ‘ರಿ’ ಇರಲಿಲ್ಲ. ಅದು ಮೂವರಿಗೂ ಕೇಳಿಸಿತು.

ಏಟು ಅರುಂಧತಿಯ ಉಂಗುರದ ಕೈಯಿಂದಲೇ ಬಿತ್ತು. ಕೆನ್ನೆಯ ಒಳಗೆ ಹಲ್ಲು ಕಚ್ಚಿಕೊಂಡು ಹುಲಿಗೆಮ್ಮನ ಬಾಯಿತುಂಬ ಉಪ್ಪುಪ್ಪಾಯಿತು.

“ರೆಕಾರ್ಡ್ ಆಯ್ತೇನೆ ಇದೂ?” ಅರುಂಧತಿ ಮಗಳ ಕಡೆ ತಿರುಗಿದಳು. “ಡಿಲೀಟ್ ಮಾಡು.”

ವರ್ಣಿಕಾ ಹುಲಿಗೆಮ್ಮನನ್ನು ನೋಡಿದಳು. ಹುಲಿಗೆಮ್ಮ ಕಣ್ಣು ತಪ್ಪಿಸಲಿಲ್ಲ. ಹುಡುಗಿಯ ಹೆಬ್ಬೆರಳು ಗಾಜಿನ ಮೇಲೆ ಸ್ವಲ್ಪ ಹೊತ್ತು ನಿಂತು, ಒತ್ತಿತು.

“ಆಯ್ತಮ್ಮ.”

“ಮತ್ತೆ ಆನ್ ಮಾಡು. ಇವಳ ಸೊಕ್ಕು ನಾನು ಇಳಿಸ್ತೀನಿ.”

ಅರುಂಧತಿ ಎರಡು ಕೈಯಿಂದ ಅವಳ ದವಡೆ ಹಿಡಿದು ಅದುಮಿದಳು. ಉಗುರು ನಾಟಿತು. ನವನೀತ್ ಏಳಲಿಲ್ಲ, ಕಿಟಕಿಯ ಪರದೆ ಎಳೆ ಎಂದಷ್ಟೇ ಮಗಳಿಗೆ ಹೇಳಿದ. ಹುಲಿಗೆಮ್ಮನ ಬಾಯಲ್ಲಿ ರಕ್ತ ತುಂಬುತ್ತಿತ್ತು. ಅರುಂಧತಿಯ ಮುಖಕ್ಕೇ ಉಗುಳಬಹುದಿತ್ತು, ಆದರೆ ಉಗುಳಲು ಬಾಯಿ ತೆರೆಯಬೇಕು.

ಅವಳು ನುಂಗಿದಳು.